ಮುನ್ಸೂಚನೆಯೂ ಸಿಗುತ್ತದೆ, ದೇವರಲ್ಲೂ ನಂಬಿಕೆಯಿದೆ: ಎರಡನ್ನೂ ಜೊತೆಗಿಟ್ಟುಕೊಳ್ಳುವ ಬಗೆ

ಕನಸಿನಲ್ಲಿ ಕಂಡದ್ದು ವಾರದೊಳಗೆ ನಡೆದುಬಿಡುತ್ತದೆ. ಫೋನ್ ರಿಂಗಾಗುವ ಮೊದಲೇ ಯಾರದೆಂದು ಹೊಳೆಯುತ್ತದೆ. ಗುರುತಿಲ್ಲದವರ ಪಕ್ಕ ಕೂತರೂ ಅವರ ಸಂಕಟ ಎದೆಗೆ ತಟ್ಟುತ್ತದೆ. ಇಂಥ ಅನುಭವವಾಗುವ ಆಸ್ತಿಕರನ್ನು ಎರಡು ಪ್ರಶ್ನೆಗಳು ಬಿಡದೆ ಕಾಡುತ್ತವೆ: ಇದು ದೇವರು ಕೊಟ್ಟದ್ದೇ? ಅಲ್ಲವಾದರೆ ಇದನ್ನಿಟ್ಟುಕೊಂಡು ದೇವರೆದುರು ಹೇಗೆ ನಿಲ್ಲುವುದು? ಕೆಲವರು ಹೆದರಿ ಅನುಭವವನ್ನೇ ಅದುಮಿಡುತ್ತಾರೆ. ಕೆಲವರು ಅದರ ಬೆನ್ನು ಹತ್ತಿ ಪ್ರಾರ್ಥನೆಯನ್ನು ಕೈಬಿಡುತ್ತಾರೆ. ಎರಡೂ ಬೇಕಾಗಿಲ್ಲ. ಅನುಭವಕ್ಕೆ ಒಂದು ಜಾಗ ಕೊಡಿ, ಅಧಿಕಾರ ಕೊಡಬೇಡಿ. ಮುಂದೆ ಬರುವ ಹಂತಗಳೆಲ್ಲ ಇದನ್ನು ದಿನದಿನದ ಬದುಕಿನಲ್ಲಿ ಮಾಡುವ ಕ್ರಮ.

ಒಂದು ಮಾತು ಮೊದಲೇ ಹೇಳಬೇಕು. ಅತೀಂದ್ರಿಯ ಶಕ್ತಿಗೆ ಪ್ರಯೋಗಾಲಯದಲ್ಲಿ ಇನ್ನೂ ಗಟ್ಟಿ ಪುರಾವೆ ಸಿಕ್ಕಿಲ್ಲ. 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ ಕಾಣದ ಕಾರ್ಡುಗಳನ್ನು ಊಹಿಸಲು ಹೇಳಿ ಮಾಡಿದ ಪ್ರಯೋಗಗಳ ಫಲಿತಾಂಶ ಬೇರೆಯವರ ಕೈಯಲ್ಲಿ ನಿಲ್ಲಲಿಲ್ಲ. 2011ರಲ್ಲಿ ಮನೋವಿಜ್ಞಾನಿ ಡ್ಯಾರಿಲ್ ಬೆಮ್ ಮುನ್ನರಿವಿನ ಬಗ್ಗೆ ಪ್ರಕಟಿಸಿದ ಫಲಿತಾಂಶಗಳೂ ಮರುಪ್ರಯೋಗದಲ್ಲಿ ಸಿಗಲಿಲ್ಲ. ಜಾದೂಗಾರ ಜೇಮ್ಸ್ ರ‍್ಯಾಂಡಿ ಇಂಥ ಶಕ್ತಿಯನ್ನು ಪರೀಕ್ಷೆಯಲ್ಲಿ ತೋರಿಸಿಕೊಟ್ಟವರಿಗೆಂದು 1964ರಲ್ಲಿ ಘೋಷಿಸಿದ ಬಹುಮಾನ ಬೆಳೆದು ಹತ್ತು ಲಕ್ಷ ಡಾಲರ್ ಆಯಿತು. 2015ರಲ್ಲಿ ಅದನ್ನು ನಿಲ್ಲಿಸುವವರೆಗೂ ಯಾರಿಗೂ ದಕ್ಕಲಿಲ್ಲ. ಹಾಗೆಂದು ನಿಮಗಾದ ಅನುಭವ ಸುಳ್ಳಾಗುವುದಿಲ್ಲ. ಕನಸು ಬಿದ್ದದ್ದು ನಿಜ, ಎದೆ ನಡುಗಿದ್ದು ನಿಜ. ಅದಕ್ಕೆ ನಾವು ಕೊಡುವ ಅರ್ಥವನ್ನು ಮಾತ್ರ ಒರೆಗೆ ಹಚ್ಚಬೇಕು. ದೇವರನ್ನು ನಂಬುವವರಿಗೆ ಸತ್ಯದ ಹೊಣೆ ಉಳಿದವರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಮೊದಲು ಬರೆದಿಡಿ

ಒಂದು ನೋಟ್‌ಬುಕ್ ಇಡಿ. 90 ದಿನ ಬೇರೇನೂ ಮಾಡಬೇಡಿ, ಬರೆಯುವುದಷ್ಟೇ. ಪುಟಕ್ಕೆ ಐದು ಕಾಲಂ: ದಿನಾಂಕ ಮತ್ತು ಸಮಯ, ಕಂಡದ್ದು ಅಥವಾ ಕೇಳಿಸಿದ್ದು, ಆಗ ಮೈ-ಮನಸ್ಸಿನ ಸ್ಥಿತಿ, ನೀವು ಕೊಟ್ಟ ಅರ್ಥ, ಆಮೇಲೆ ಆದದ್ದು. ಕನಸನ್ನು ಎಚ್ಚರವಾದ ಐದು ನಿಮಿಷದೊಳಗೆ ಬರೆಯಿರಿ. ಹತ್ತು ನಿಮಿಷ ಕಳೆದರೆ ನೆನಪು ಮಾಸುತ್ತದೆ, ಖಾಲಿ ಜಾಗಗಳನ್ನು ಮನಸ್ಸೇ ತುಂಬತೊಡಗುತ್ತದೆ.

ಕಂಡದ್ದನ್ನೂ ಅದರ ಅರ್ಥವನ್ನೂ ಬೇರೆಬೇರೆ ಬರೆಯುವುದು ಇಲ್ಲಿಯ ಮುಖ್ಯ ಕೆಲಸ. ಹೆಚ್ಚಿನವರು ಎಡವುವುದೂ ಇಲ್ಲೇ. "ಅಣ್ಣನಿಗೆ ಅಪಘಾತವಾಗುತ್ತದೆ" ಎಂದು ಬರೆದರೆ ಅದು ಬರೀ ಅರ್ಥ. ಕಂಡದ್ದೇನೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಸರಿಯಾದ ದಾಖಲೆ ಹೀಗಿರುತ್ತದೆ: "ಮಂಗಳವಾರ, ಬೆಳಿಗ್ಗೆ 5:40. ಕನಸು. ಅಣ್ಣ ಮೆಟ್ಟಿಲ ಮೇಲೆ ಕೂತಿದ್ದಾನೆ. ಬಿಳಿ ಅಂಗಿ. ಎಡಗೈಗೆ ಬಟ್ಟೆ ಸುತ್ತಿದೆ. ಮಾತಿಲ್ಲ. ಎದ್ದಾಗ ಗಂಟಲು ಒಣಗಿತ್ತು. ನಿನ್ನೆ ರಾತ್ರಿ ಅವನ ಜೊತೆ ಜಗಳವಾಗಿತ್ತು." ಅರ್ಥದ ಕಾಲಂನಲ್ಲಿ: "14 ದಿನದೊಳಗೆ ಅಣ್ಣನ ಎಡಗೈಗೆ ಪೆಟ್ಟು." ಈಗ ಪರೀಕ್ಷಿಸಲು ಒಂದು ವಸ್ತು ಸಿಕ್ಕಿತು. ಮೂರು ವಾರದ ಮೇಲೆ ಅಣ್ಣನಿಗೆ ಜ್ವರ ಬಂದರೆ ಅದು ಹೊಂದಿಕೆಯಲ್ಲ. ಅವನ ಸ್ನೇಹಿತನ ಕೈಗೆ ಗಾಯವಾದರೂ ಅಲ್ಲ. ಏನಾದರೆ ಸರಿ, ಏನಾದರೆ ತಪ್ಪು ಎಂಬುದು ಘಟನೆಗೆ ಮೊದಲೇ ಬರಹದಲ್ಲಿರಬೇಕು. ಇಲ್ಲದಿದ್ದರೆ ಮನಸ್ಸು ಬಾಣ ಬಿಟ್ಟಾದ ಮೇಲೆ ಗುರಿಯ ವೃತ್ತ ಬರೆಯುತ್ತದೆ.

ತಪ್ಪಾದವುಗಳನ್ನೂ ಬಿಡದೆ ಬರೆಯಿರಿ. "ಏನೋ ಕೆಟ್ಟದಾಗಲಿದೆ" ಎಂದು ಹತ್ತು ಸಲ ಅನಿಸಿ ಒಂಬತ್ತು ಸಲ ಏನೂ ಆಗದಿದ್ದರೆ ನೆನಪಿನಲ್ಲಿ ಉಳಿಯುವುದು ಹತ್ತನೆಯದು ಮಾತ್ರ.

ಲೆಕ್ಕ ಹಾಕಿ ನೋಡಬೇಕೆನ್ನುವವರಿಗೆ ಒಂದು ಸರಳ ದಾರಿ: ಐದು ಬೇರೆಬೇರೆ ಚಿಹ್ನೆಯ ಕಾರ್ಡುಗಳು, ಇನ್ನೊಂದು ಕೋಣೆಯಲ್ಲಿ ಕೂತು ಅವನ್ನು ಎತ್ತುವ ಒಬ್ಬರು. ಎತ್ತಿದ ಕಾರ್ಡನ್ನು ಮತ್ತೆ ಸೇರಿಸಿ ಕಲಸಬೇಕು; ಸರಿಯೋ ತಪ್ಪೋ ಎಂದು ಕೊನೆಯವರೆಗೂ ನಿಮಗೆ ಹೇಳಬಾರದು. 25 ಸಲ ಊಹಿಸಿದರೆ ಬರೀ ಅದೃಷ್ಟದಿಂದಲೇ ಸರಾಸರಿ 5 ಸರಿಯಾಗುತ್ತವೆ. 8 ಅಥವಾ ಹೆಚ್ಚು ಬಂದರೆ ಹಿಗ್ಗಬೇಡಿ, ಯಾವ ಶಕ್ತಿಯೂ ಇಲ್ಲದೆ ಸುಮಾರು ಒಂಬತ್ತು ಸುತ್ತಿಗೊಮ್ಮೆ ಅಷ್ಟು ಬರುತ್ತದೆ. 250 ಊಹೆ ಮಾಡಿ. 50ರ ಆಸುಪಾಸಿನಲ್ಲಿದ್ದರೆ ಅದೃಷ್ಟ, 63 ದಾಟಿದರೆ ಇನ್ನೊಮ್ಮೆ ಪೂರ್ತಿ 250 ಮಾಡಿ ನೋಡಿ. ದೇವರನ್ನು ಪರೀಕ್ಷಿಸಬಾರದೆಂಬ ಅಳುಕು ಭಕ್ತರಿಗೆ ಇಲ್ಲಿ ಬರುವುದುಂಟು. ಪರೀಕ್ಷೆಗೆ ಕೂತಿರುವುದು ನಮ್ಮ ಮನಸ್ಸು, ದೇವರಲ್ಲ. ಅಂಕ ಕಡಿಮೆ ಬಂದರೆ ನಂಬಿಕೆಗೆ ಏನೂ ಕುಂದಿಲ್ಲ.

ದೇಹದ ಕಾರಣಗಳನ್ನು ಬೇರ್ಪಡಿಸಿ

ನಿದ್ದೆಗೆ ಜಾರುವ ಮತ್ತು ಎಚ್ಚರಾಗುವ ಗಳಿಗೆಯಲ್ಲಿ ಹೆಸರು ಹಿಡಿದು ಕರೆದಂತೆ ಕೇಳಿಸುವುದು, ಮುಖಗಳು ಕಾಣುವುದು ಆರೋಗ್ಯವಂತರಲ್ಲೂ ಸಾಮಾನ್ಯ. ಎಚ್ಚರವಾದರೂ ಮೈ ಅಲುಗದೆ, ಎದೆಯ ಮೇಲೆ ಯಾರೋ ಕೂತಂತೆ, ಕೋಣೆಯಲ್ಲಿ ಇನ್ನೊಬ್ಬರಿದ್ದಂತೆ ಅನಿಸಿದರೆ ಅದು ಹೆಚ್ಚಾಗಿ ನಿದ್ರಾ ಸ್ತಂಭನ. ಕನಸಿನ ಹಂತದಲ್ಲಿ ಸ್ನಾಯುಗಳಿಗೆ ಬೀಳುವ ತಡೆ, ಮನಸ್ಸು ಎಚ್ಚರವಾದ ಮೇಲೂ ಕೆಲವು ಕ್ಷಣ ಉಳಿದಿರುತ್ತದೆ. ಅಂಗಾತ ಮಲಗುವವರಿಗೆ, ನಿದ್ದೆಗೆಟ್ಟವರಿಗೆ ಇದು ಹೆಚ್ಚು. ಪಕ್ಕಕ್ಕೆ ತಿರುಗಿ ಮಲಗಿ, ಹೊತ್ತಿಗೆ ಸರಿಯಾಗಿ ಮಲಗಿ. ಎರಡು ವಾರದಲ್ಲಿ ಕಡಿಮೆಯಾದರೆ ಅದಕ್ಕೆ ಪಿಶಾಚಿಯ ಹೆಸರು ಕೊಡುವ ಅಗತ್ಯವಿಲ್ಲ.

ಹೊಟ್ಟೆಯಿಂದ ಏನೋ ಮೇಲೇರಿದಂತಾಗಿ, ಇಲ್ಲದ ವಾಸನೆ ಬಂದು, "ಇದೆಲ್ಲ ಮೊದಲೇ ನಡೆದಿದೆ" ಎಂಬ ಗಾಢ ಭಾವ ಪದೇಪದೇ ಬಂದು ಒಂದೆರಡು ನಿಮಿಷದಲ್ಲಿ ಮಾಯವಾಗುತ್ತಿದ್ದರೆ ನರರೋಗ ತಜ್ಞರನ್ನು ಕಾಣಿ. ಮೆದುಳಿನ ಪಕ್ಕದ ಭಾಗದಲ್ಲಿ (ಟೆಂಪೊರಲ್ ಲೋಬ್) ಹುಟ್ಟುವ ಅಪಸ್ಮಾರ (ಮೂರ್ಛೆರೋಗ) ಹೀಗೂ ಕಾಣಿಸಿಕೊಳ್ಳುತ್ತದೆ. ತೀರಿಕೊಂಡವರ ದನಿ ಕೇಳಿಸುವುದು, ಪಕ್ಕದಲ್ಲೇ ಇದ್ದಂತೆ ಅನಿಸುವುದು ಶೋಕದಲ್ಲಿ ಅನೇಕರಿಗೆ ಆಗುತ್ತದೆ. ಅದು ರೋಗವೂ ಅಲ್ಲ, ಹೆದರಬೇಕಾದ್ದೂ ಅಲ್ಲ.

ಇನ್ನು ಕೆಲವು ಲಕ್ಷಣಗಳಿಗೆ ಕಾಯುವಂತೆಯೇ ಇಲ್ಲ: ದನಿ ಅಪ್ಪಣೆ ಕೊಡುವುದು, ಅದರಲ್ಲೂ ನಿಮಗೆ ಅಥವಾ ಬೇರೆಯವರಿಗೆ ಹಾನಿ ಮಾಡಲು ಹೇಳುವುದು; ರಾತ್ರಿಗಟ್ಟಲೆ ನಿದ್ದೆಯಿಲ್ಲದಿದ್ದರೂ ದಣಿವಾಗದಿರುವುದು; ಟಿವಿಯಲ್ಲಿ ಬರುವ ಮಾತು ನಿಮಗಾಗಿಯೇ ಬಂದ ಸಂದೇಶ ಅನಿಸುವುದು; ಮನೆಯವರೆಲ್ಲ ಶತ್ರುಗಳಂತೆ ಕಾಣುವುದು; ಜಗತ್ತನ್ನು ಉಳಿಸಲು ನಿಮ್ಮನ್ನೇ ಆರಿಸಿದ್ದಾರೆಂಬ ಖಚಿತ ನಂಬಿಕೆ. ಅಂದೇ ಮನೋವೈದ್ಯರ ಬಳಿ ಹೋಗಿ. ವ್ರತ, ಉಪವಾಸ, ದೀರ್ಘ ಧ್ಯಾನ ಎಲ್ಲವನ್ನೂ ನಿಲ್ಲಿಸಿ, ಏಕೆಂದರೆ ಈ ಸ್ಥಿತಿಯಲ್ಲಿ ಅವು ಬೆಂಕಿಗೆ ತುಪ್ಪ ಸುರಿದಂತೆ. ಚಿಕಿತ್ಸೆ ಪಡೆಯುವುದು ದೇವರಲ್ಲಿ ವಿಶ್ವಾಸವಿಲ್ಲವೆಂದಲ್ಲ. ಮಾತ್ರೆ ನುಂಗಿದರೆ "ವರ" ಹೋಗುತ್ತದೆಂದು ಹೆದರಿಸುವವರ ಮಾತು ಕೇಳಬೇಡಿ.

ನಿಮ್ಮ ಶ್ರದ್ಧೆಯೊಳಗೆ ಇದಕ್ಕೆ ಜಾಗ ಎಲ್ಲಿ?

ಈ ಪ್ರಶ್ನೆ ಹೊಸದಲ್ಲ. ಆಶ್ಚರ್ಯವೆಂದರೆ ಒಂದಕ್ಕೊಂದು ದೂರದ ಪರಂಪರೆಗಳೂ ಇಲ್ಲಿ ಹೆಚ್ಚುಕಡಿಮೆ ಒಂದೇ ಮಾತಾಡುತ್ತವೆ.

ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದಲ್ಲಿ ಸಿದ್ಧಿಗಳ ಉದ್ದನೆಯ ಪಟ್ಟಿಯೇ ಇದೆ. ಅದೇ ಪಾದ ಅವು ಸಮಾಧಿಗೆ ಅಡ್ಡಿ ಎನ್ನುತ್ತದೆ. ಮೇಲಿನ ಲೋಕದವರು ಕರೆದರೂ ಆಸೆ ಪಡಬೇಡ, ಹೆಮ್ಮೆಯೂ ಬೇಡ ಎಂದು ಎಚ್ಚರಿಸುತ್ತದೆ. ಶೂನ್ಯಸಂಪಾದನೆಯಲ್ಲಿ ಗೋರಕ್ಷ ತನ್ನ ವಜ್ರಕಾಯದ ಬಲ ತೋರಿಸುತ್ತಾನೆ, ಕತ್ತಿ ಬೀಸಿದರೆ ಮೈ ಖಣಿಲೆನ್ನುತ್ತದೆ. ಅಲ್ಲಮನ ಮೇಲೆ ಬೀಸಿದ ಕತ್ತಿಯೋ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಗೋರಕ್ಷನ ಸಿದ್ಧಿಯನ್ನು ಅಲ್ಲಿ ಯಾರೂ ಸುಳ್ಳೆನ್ನುವುದಿಲ್ಲ. ಅದು ಗುರಿಯಲ್ಲ ಎಂದಷ್ಟೇ ತೋರಿಸುತ್ತಾರೆ. ಬೌದ್ಧ ಸಂಘದ ನಿಯಮಾವಳಿಯಾದ ವಿನಯದ ಪ್ರಕಾರ ಭಿಕ್ಷುಗಳು ಗೃಹಸ್ಥರೆದುರು ಇಂಥ ಶಕ್ತಿಯನ್ನು ಪ್ರದರ್ಶಿಸುವಂತಿಲ್ಲ. ಇಲ್ಲದ ಸಿದ್ಧಿ ಇದೆಯೆಂದು ಬೇಕೆಂದೇ ಹೇಳಿಕೊಂಡರೆ ಸಂಘದಲ್ಲಿ ಜಾಗವಿಲ್ಲ.

ಇಸ್ಲಾಂನಲ್ಲಿ ಅಗೋಚರದ ಜ್ಞಾನ ದೇವರೊಬ್ಬನಿಗೇ ಸೇರಿದ್ದು. ಕನಸುಗಳಲ್ಲಿ ಮೂರು ಬಗೆ ಎಂದು ಪ್ರವಾದಿಯವರ ನುಡಿಗಳ ಸಂಗ್ರಹವಾದ ಹದೀಸ್ ಹೇಳುತ್ತದೆ: ದೇವರಿಂದ ಬಂದ ಶುಭವಾರ್ತೆ, ನೋಯಿಸಲು ಶೈತಾನ ತರುವುದು, ಮನಸ್ಸು ತನ್ನೊಂದಿಗೆ ತಾನೇ ಆಡುವ ಮಾತು. ಮೂರನೆಯದನ್ನು ಒಪ್ಪಿಕೊಂಡಿರುವುದು ಎಷ್ಟು ಉಪಕಾರಿ ನೋಡಿ, ಎಲ್ಲ ಕನಸನ್ನೂ ಸಂದೇಶವೆಂದು ಹೊತ್ತು ತಿರುಗಬೇಕಾಗಿಲ್ಲ. ಕೆಟ್ಟ ಕನಸು ಬಿದ್ದರೆ ದೇವರ ಆಶ್ರಯ ಕೋರಿ, ಯಾರಿಗೂ ಹೇಳದೆ ಬಿಡುವುದು ಅಲ್ಲಿನ ಸಲಹೆ.

ಬೈಬಲ್ಲಿನ ಧರ್ಮೋಪದೇಶಕಾಂಡ ಕಣಿ ಹೇಳುವುದನ್ನು, ಸತ್ತವರನ್ನು ವಿಚಾರಿಸುವುದನ್ನು ನೇರವಾಗಿ ನಿಷೇಧಿಸುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರ ಪ್ರವಾದನೆಯನ್ನು ವರವೆಂದು ಒಪ್ಪುತ್ತಲೇ ಉಳಿದವರು ಅದನ್ನು ವಿವೇಚಿಸಲಿ ಎನ್ನುತ್ತದೆ. ತಾನಾಗಿ ಬಂದದ್ದು ಬೇರೆ, ಕೆದಕಿ ಕರೆದದ್ದು ಬೇರೆ ಎಂಬ ಗೆರೆ ಈ ಎರಡರ ನಡುವೆ ಇದೆ. ಕ್ರೈಸ್ತರಾದ ಓದುಗರು ಈ ಗೆರೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಭವಿಷ್ಯ ಹೇಳುವ ಕಾರ್ಡು, ಲೋಲಕ, ಪ್ರೇತಸಂಪರ್ಕದ ಹಲಗೆ ನಿಮ್ಮ ಶ್ರದ್ಧೆಗೆ ನಿಷಿದ್ಧವಾದರೆ "ನಾನು ಒಳ್ಳೆಯದಕ್ಕೆ ಬಳಸುತ್ತೇನೆ" ಎಂಬ ಸಮಜಾಯಿಷಿ ಕೊಟ್ಟುಕೊಳ್ಳಬೇಡಿ. ಒಳಗೊಳಗೇ ತಪ್ಪೆನಿಸುವ ಕೆಲಸ ಮಾಡುತ್ತ ಪ್ರಾರ್ಥನೆಗೆ ಕೂತರೆ ಮನಸ್ಸು ಎರಡಾಗುತ್ತದೆ, ಆಮೇಲೆ ಬಂದ ಭಯವನ್ನೆಲ್ಲ ದುಷ್ಟಶಕ್ತಿಯ ತಲೆಗೆ ಕಟ್ಟುವುದೇ ಆಗುತ್ತದೆ.

ಒಂದು ಸಂಜೆ ಬಿಡುವು ಮಾಡಿಕೊಂಡು ಮೂರು ವಾಕ್ಯ ಬರೆಯಿರಿ: ನನ್ನ ಶ್ರದ್ಧೆ ಇದರಲ್ಲಿ ಏನನ್ನು ಒಪ್ಪುತ್ತದೆ, ಏನನ್ನು ಬೇಡವೆನ್ನುತ್ತದೆ, ಯಾವುದರ ಬಗ್ಗೆ ಸುಮ್ಮನಿದೆ. ಮೂರನೆಯ ವಾಕ್ಯದ ಜಾಗದಲ್ಲಿ ಮಾತ್ರ ನಿಮಗೆ ಸ್ವಾತಂತ್ರ್ಯವಿದೆ.

ಬಂದದ್ದನ್ನು ತೂಗಿ ನೋಡುವುದು

ಕ್ರೈಸ್ತ ಸಂತ ಲೊಯೊಲಾದ ಇಗ್ನೇಷಿಯಸ್ (1491–1556) ಒಳಗಿನ ಚಲನೆಗಳನ್ನು ಬೇರ್ಪಡಿಸಲು ಕೊಟ್ಟ ಕ್ರಮ ಯಾವ ಧರ್ಮದವರಿಗೂ ಉಪಯುಕ್ತ. ಅನುಭವ ಎಷ್ಟು ಬೆರಗು ಹುಟ್ಟಿಸಿತು ಎಂಬುದಕ್ಕಿಂತ ಅದು ಹಿಂದೆ ಏನನ್ನು ಉಳಿಸಿಹೋಯಿತು ಎಂಬುದು ಮುಖ್ಯ. ಶಾಂತಿ, ವಿನಯ, ಬೇರೆಯವರ ಬಗ್ಗೆ ಮೃದುತ್ವ ಉಳಿದಿದೆಯೇ? ಅಥವಾ ತಳಮಳ, ಬೀಗುವಿಕೆ, ಯಾರ ಮೇಲೋ ಸಂಶಯ ಉಳಿದಿದೆಯೇ? "ಈಗಲೇ ಮಾಡು", "ಯಾರಿಗೂ ಹೇಳಬೇಡ", "ನೀನೊಬ್ಬನೇ ಬಲ್ಲೆ" ಎಂಬ ಮೂರು ಧಾಟಿಯಲ್ಲಿ ಯಾವುದು ಕೇಳಿಸಿದರೂ ಅದನ್ನು ದೇವರ ದನಿಯೆಂದು ಒಪ್ಪಲು ಅವಸರಪಡಬೇಡಿ. ಹೆಚ್ಚಾಗಿ ಅದು ಆತಂಕ, ಇಲ್ಲವೇ ಅಹಂಕಾರ. ಮನಸ್ಸು ಕುಗ್ಗಿದ ದಿನಗಳಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂಬುದೂ ಅವನದೇ ನಿಯಮ, ಅಕ್ಷರಶಃ ಪಾಲಿಸತಕ್ಕದ್ದು.

ಏನಾದರೂ ಮಾಡಲೇಬೇಕು ಅನಿಸಿದಾಗ ಖರ್ಚಿನ ಲೆಕ್ಕ ಹಾಕಿ. ಗ್ಯಾಸ್ ಆಫ್ ಆಗಿದೆಯೇ ನೋಡುವುದು, ಊರಲ್ಲಿರುವ ಅಮ್ಮನಿಗೆ ಫೋನ್ ಮಾಡುವುದು, ಗಾಡಿಯ ಬ್ರೇಕ್ ಒಮ್ಮೆ ತೋರಿಸುವುದು: ಇವು ತಪ್ಪಾದರೂ ನಷ್ಟವಿಲ್ಲ, ಸದ್ದಿಲ್ಲದೆ ಮಾಡಿಬಿಡಿ. ಮದುವೆ ಮುರಿಯುವುದು, ಕೆಲಸ ಬಿಡುವುದು, ಹಣ ಹಾಕುವುದು, ಔಷಧ ನಿಲ್ಲಿಸುವುದು, ಒಬ್ಬರನ್ನು ದೂರವಿಡುವುದು: ಇವುಗಳಿಗೆ ಮುನ್ಸೂಚನೆ ಎಂದಿಗೂ ಕಾರಣವಾಗಕೂಡದು. ಕನಿಷ್ಠ 72 ಗಂಟೆ ಕಾಯಿರಿ, ಆಮೇಲೆ ಆ ಕನಸು ಬಿದ್ದೇ ಇಲ್ಲವೆಂದುಕೊಂಡು ಉಳಿದ ಕಾರಣಗಳನ್ನು ಕಾಗದದ ಮೇಲಿಡಿ. ಅವಿಷ್ಟರಿಂದಲೇ ನಿರ್ಧಾರ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಅಲ್ಲಿಗೇ ಬಿಡಿ. ಔಷಧದ ವಿಷಯ ಮಾತ್ರ ಎಷ್ಟು ಕಾದರೂ ವೈದ್ಯರನ್ನು ಕೇಳಿಯೇ ಆಗಬೇಕು.

ಅನುಭವವನ್ನು ಪ್ರಾರ್ಥನೆಯಾಗಿಸಿ

ಭಕ್ತಿಯನ್ನೂ ಒಳದೃಷ್ಟಿಯನ್ನೂ ಒಂದೆಡೆ ಸೇರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಒಬ್ಬರ ಬಗ್ಗೆ ಏನೋ ಹೊಳೆಯಿತು ಅನ್ನಿ. ಹೇಳಲು ಓಡಬೇಡಿ, ಕೆದಕಬೇಡಿ. ಅವರ ಹೆಸರು ಹಿಡಿದು ಎರಡು ನಿಮಿಷ ಪ್ರಾರ್ಥಿಸಿ: "ಇವರಿಗೆ ಬೇಕಾದದ್ದು ನಿನಗೆ ಗೊತ್ತು, ನನಗೆ ತಿಳಿದದ್ದು ಸರಿಯೋ ತಪ್ಪೋ ನಿನಗೇ ಬಿಟ್ಟದ್ದು." ಹೊಳೆದದ್ದು ನಿಜವಾಗಿದ್ದರೆ ಅವರಿಗೆ ಪ್ರಾರ್ಥನೆ ಸಂದಿತು. ಸುಳ್ಳಾಗಿದ್ದರೂ ಪ್ರಾರ್ಥನೆಯೇ ಸಂದಿತು. ಪಕ್ಕದವರ ದುಃಖ ಮೈಗಂಟಿಕೊಂಡು ಬಿಡದವರೂ ಇದನ್ನೇ ಮಾಡಲಿ. ಪಾದ ನೆಲಕ್ಕೂರಿ ಹತ್ತು ಉಸಿರು ನಿಧಾನ ಎಳೆದು ಬಿಟ್ಟು, ಆ ಭಾರ ತನ್ನದಲ್ಲವೆಂದು ಹೇಳಿಕೊಂಡು, ಅದನ್ನು ದೇವರ ಮುಂದಿಟ್ಟು ಏಳಬೇಕು. ಭಾರ ಹೊತ್ತು ತಿರುಗುವುದನ್ನೇ ಕರುಣೆ ಅಂದುಕೊಳ್ಳುವ ತಪ್ಪು ಸೂಕ್ಷ್ಮ ಮನಸ್ಸಿನವರಲ್ಲಿ ಬಹಳ.

ದಿನದ ಕ್ರಮದಲ್ಲಿ ಪ್ರಾರ್ಥನೆ ಅಥವಾ ಜಪ ಮೊದಲು, ಕನಿಷ್ಠ 20 ನಿಮಿಷ. ಆ ಹೊತ್ತಿನಲ್ಲಿ ದೇವರಿಗೆ ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯಬೇಡಿ. ದೃಶ್ಯ ಬಂದರೆ ಹಿಂಬಾಲಿಸದೆ ನಾಮಕ್ಕೆ, ಮಂತ್ರಕ್ಕೆ, ವಾಕ್ಯಕ್ಕೆ ಮರಳಿ. ಬರೆಯುವುದಿದ್ದರೆ ಮುಗಿದ ಮೇಲೆ. ಸ್ಪೇನಿನ ಸಂತ ಶಿಲುಬೆಯ ಯೋಹಾನ (1542–1591) ದರ್ಶನಗಳನ್ನು ಬಯಸಬೇಡಿ, ಹಿಡಿದಿಟ್ಟುಕೊಳ್ಳಬೇಡಿ ಎಂದದ್ದಕ್ಕೆ ಕೊಟ್ಟ ಕಾರಣ ಸೊಗಸಾಗಿದೆ: ಅದು ದೇವರಿಂದಲೇ ಬಂದಿದ್ದರೆ ಮಾಡಬೇಕಾದ ಕೆಲಸವನ್ನು ಬಂದ ಕ್ಷಣವೇ ಮಾಡಿ ಮುಗಿಸಿರುತ್ತದೆ. ಒಳದನಿಗೆ ಕಿವಿಗೊಡುವ ಅಭ್ಯಾಸ ನಿಮ್ಮ ಶ್ರದ್ಧೆಗೆ ಒಪ್ಪಿಗೆಯಾದರೆ ಹಗಲಲ್ಲಿ, ಊಟವಾದ ಮೇಲೆ, 15 ನಿಮಿಷ ಮೀರದಂತೆ ಮಾಡಿ. ಹಸಿವು, ಇರುಳು, ಒಂಟಿತನ ಮೂರೂ ಕೂಡಿದಾಗ ಮನಸ್ಸು ಕಂಡದ್ದನ್ನೆಲ್ಲ ಹಿಗ್ಗಿಸುತ್ತದೆ. ವಾರಕ್ಕೊಂದು ದಿನ ಪೂರ್ತಿ ರಜೆ. ಆ ದಿನ ಚಡಪಡಿಕೆಯಾದರೆ ಅದು ಚಟವಾಗಿದೆ. 30 ದಿನ ನಿಲ್ಲಿಸಿ, ಪ್ರಾರ್ಥನೆ ಮಾತ್ರ ಉಳಿಸಿಕೊಳ್ಳಿ.

ಬೇರೆಯವರಿಗೆ ಹೇಳುವ ಮೊದಲು

ಕೇಳದವರಿಗೆ ಹೇಳಬೇಡಿ. ಕೇಳಿದರೂ ಸಾವು, ಗರ್ಭ, ರೋಗ, ಕಳವು ಮಾಡಿದವರ ಹೆಸರು, ಗಂಡ-ಹೆಂಡಿರ ನಿಷ್ಠೆ ಈ ಐದರ ಬಗ್ಗೆ ಬಾಯಿ ಬಿಡಬೇಡಿ. ಒಂದು ತಪ್ಪು ಮಾತಿನಿಂದ ನಿರಪರಾಧಿಯೊಬ್ಬರು ಕಳ್ಳರಾಗುತ್ತಾರೆ, ಸಂಸಾರವೊಂದು ಒಡೆಯುತ್ತದೆ. ಕಾಯಿಲೆಯ ಅಳುಕು ಬಂದರೆ "ತಪಾಸಣೆ ಮಾಡಿಸಿ ಎಷ್ಟು ದಿನವಾಯಿತು?" ಎಂದು ಕೇಳಿದರೆ ಸಾಕು. ಉಳಿದ ವಿಷಯದಲ್ಲಿ "ನನಗೆ ಹೀಗನ್ನಿಸಿತು, ತಪ್ಪಿರಬಹುದು" ಎನ್ನಿ. "ದೇವರು ಹೇಳಿದ" ಎಂಬ ಮಾತು ಬೇಡವೇ ಬೇಡ. ಅದನ್ನು ಕೇಳಿದವರಿಗೆ ಒಪ್ಪದಿರುವ ಸ್ವಾತಂತ್ರ್ಯವೇ ಉಳಿಯುವುದಿಲ್ಲ. ಹಣ, ಉಡುಗೊರೆ ಯಾವುದನ್ನೂ ತೆಗೆದುಕೊಳ್ಳಬೇಡಿ. ಹಣ ಬಂದರೆ ಪ್ರತಿ ಸಲ ಏನಾದರೂ ಹೇಳಲೇಬೇಕಾಗುತ್ತದೆ, ಏನೂ ಹೊಳೆಯದ ದಿನ ಕಟ್ಟಿ ಹೇಳುವುದು ಶುರುವಾಗುತ್ತದೆ.

"ನೀವು ಹೇಳಿದ್ದು ನೂರಕ್ಕೆ ನೂರು ನಿಜ" ಎಂಬ ಮೆಚ್ಚುಗೆಯನ್ನು ಪುರಾವೆಯಾಗಿ ಎಣಿಸಬೇಡಿ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿತ್ವ ವಿವರಣೆಯನ್ನು ಅವರವರದೇ ಎಂದು ಹಂಚಿದ. ನಿಖರತೆಗೆ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26.

ತಪ್ಪಿತಸ್ಥ ಭಾವ, ಬರಿದಾಗುವಿಕೆ, ಸಲಹೆ

ಕೆಟ್ಟದ್ದು ಕಂಡು ಅದು ನಡೆದೂಬಿಟ್ಟರೆ "ನನ್ನಿಂದಲೇ ಆಯಿತು", "ತಡೆಯಬಹುದಿತ್ತು" ಎಂಬ ಕೊರಗು ಹತ್ತುತ್ತದೆ. ಕಂಡದ್ದರಿಂದ ಯಾವುದೂ ನಡೆಯುವುದಿಲ್ಲ. ಎಲ್ಲಿ, ಯಾವಾಗ, ಯಾರಿಗೆ ಎಂದು ತಿಳಿಯದ ಸೂಚನೆಯಿಂದ ಏನನ್ನೂ ತಡೆಯಲಾಗದು. ಜಗತ್ತನ್ನು ಕಾಯುವ ಕೆಲಸವನ್ನು ನಿಮಗೆ ಯಾರೂ ಒಪ್ಪಿಸಿಲ್ಲ. ಆಸ್ತಿಕರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕೆ?

ಅನುಭವಗಳು ತಿಂಗಳುಗಟ್ಟಲೆ ನಿಂತುಹೋಗುವುದೂ ಉಂಟು. ಮರಳಿ ತರಿಸಲು ಉಪವಾಸ, ರಾತ್ರಿಜಾಗರಣೆ ಹೆಚ್ಚಿಸಬೇಡಿ. ಆ ಕಾಲದಲ್ಲೂ ಪ್ರಾರ್ಥನೆಗೆ ಅದೇ ಹುರುಪಿನಿಂದ ಕೂರುತ್ತೀರಾದರೆ ನಂಬಿಕೆ ಅದರದೇ ಕಾಲ ಮೇಲೆ ನಿಂತಿದೆ ಎಂದು ತಿಳಿಯಿರಿ.

ಸಲಹೆಗೆ ಒಬ್ಬರನ್ನು ಆರಿಸಿಕೊಳ್ಳಿ, ನಾಲ್ವರನ್ನಲ್ಲ. ಅವರು ನಿಮ್ಮ ಶ್ರದ್ಧೆಯಲ್ಲಿ ನುರಿತವರಾಗಿರಲಿ, ಅನುಭವ ಕೇಳಿ ಬೆರಗಾಗುವವರೂ ಬೆದರುವವರೂ ಆಗದಿರಲಿ, ಅಗತ್ಯ ಬಿದ್ದರೆ "ಡಾಕ್ಟರನ್ನು ನೋಡಿ" ಎನ್ನಬಲ್ಲವರಾಗಿರಲಿ. ನೋಟ್‌ಬುಕ್ಕನ್ನು ಜೊತೆಗೇ ಒಯ್ಯಿರಿ. ಮೊದಲ ಭೇಟಿಯಲ್ಲೇ ಶಾಪ, ಮಾಟ ಎಂದು ಹೆದರಿಸಿ ಪರಿಹಾರಕ್ಕೆ ದುಡ್ಡು ಕೇಳುವವರಿದ್ದರೆ ಎದ್ದು ಬನ್ನಿ.

ಮನೆಯ ಮಗುವೇ "ನಂಗೆ ಮೊದಲೇ ಗೊತ್ತಿತ್ತು" ಎನ್ನತೊಡಗಿದರೆ ಬೈಯಬೇಡಿ, ಮೆರೆಸಲೂ ಬೇಡಿ. ಏನು ಕಂಡೆ ಎಂದು ಒಮ್ಮೆ ಕೇಳಿ, ಮಗು ಹೇಳಿದಷ್ಟನ್ನೇ ಬರೆದಿಟ್ಟುಕೊಂಡು, ಜೊತೆಯಲ್ಲಿ ಪ್ರಾರ್ಥಿಸಿ ಆಟಕ್ಕೆ ಕಳಿಸಿ. ನೆಂಟರೆದುರು ಹೇಳಿಸಬೇಡಿ, ಪರೀಕ್ಷೆಯ ಫಲಿತಾಂಶವನ್ನೋ ಕಳೆದ ವಸ್ತುವನ್ನೋ ಕೇಳಬೇಡಿ. ಹೊಗಳಿಕೆಯ ಆಸೆಗೆ ಮಕ್ಕಳು ಬೇಗ ಕತೆ ಕಟ್ಟಲು ಕಲಿಯುತ್ತಾರೆ. ನಿದ್ದೆ, ಊಟ, ಓದು ಮೊದಲಿನಂತೆಯೇ ನಡೆಯುತ್ತಿದ್ದರೆ ಬೇರೇನೂ ಮಾಡಬೇಕಾಗಿಲ್ಲ. ಇವುಗಳಲ್ಲಿ ಒಂದು ಕೆಟ್ಟರೂ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.